ಕಾಡುಬಸಳೆ

ಕಾರವಾರ ಮತ್ತು ಅಂಕೋಲೆಯ ಕಡಲಂಚಿನ ನಾಡಿಗೆ ವರ್ಷದಲ್ಲಿ ಎರಡು ಮುಖಗಳು. ವರ್ಷಕ್ಕೆ ಬೀಳುವ ಸುಮಾರು 3,000 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಆಗ ಕಾಳಿ, ಗಂಗಾವಳಿ ನದಿಗಳು ಕೆಂಪಾಗಿ ತುಂಬಿ ಹರಿಯುತ್ತವೆ. ಡಿಸೆಂಬರ್ ಕಳೆದ ಮೇಲೆ ಅದೇ ನೆಲ ಬೇರೊಂದು ನಾಡಿನಂತೆ ತೋರುತ್ತದೆ. ಕೆಂಪುಕಲ್ಲಿನ ಗುಡ್ಡಗಳು ಬಿಸಿಲಿಗೆ ಕಾಯುತ್ತವೆ, ಹುಲ್ಲು ಒಣಗುತ್ತದೆ, ಬಾವಿಗಳ ನೀರು ತಳಕ್ಕಿಳಿಯುತ್ತದೆ. ಈ ಎರಡು ಅತಿರೇಕಗಳ ನಡುವೆ, ಪಾಗಾರದ ಬಿರುಕಿನ ಹಿಡಿಮಣ್ಣನ್ನು ನೆಚ್ಚಿ ಹಸುರಾಗಿ ಉಳಿಯಬಲ್ಲ ಗಿಡಗಳಲ್ಲಿ ಕಾಡುಬಸಳೆಯೂ ಒಂದು.

ಹೆಸರಿನಲ್ಲಿ ಬಸಳೆಯಿದ್ದರೂ ಇದು ಚಪ್ಪರಕ್ಕೆ ಹಬ್ಬಿ ಅಡುಗೆಗೆ ಒದಗುವ ಬಸಳೆಯ ಕುಲಕ್ಕೆ ಸೇರಿದುದಲ್ಲ. ಇದರ ತವರು ಮಡಗಾಸ್ಕರ್ ದ್ವೀಪ. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಾಗಿ ನೇರವಾಗಿ ಬೆಳೆಯುವ ಗಿಡ. ಎಲೆಗಳು ದಪ್ಪ, ರಸಭರಿತ. ಚಳಿಗಾಲದಲ್ಲಿ ಗಂಟೆಗಳಂತೆ ಜೋತುಬೀಳುವ ಹೂಗಳನ್ನು ಬಿಡುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಬ್ರಯೋಫಿಲಮ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಮೊಳೆಯುವ ಎಲೆ’ ಎಂಬ ಅರ್ಥವಿದೆ. ಆ ಹೆಸರು ಅನ್ವರ್ಥಕವಾದುದು. ಎಲೆಯ ಅಂಚಿನ ಕಚ್ಚುಗಳಲ್ಲಿ ಹೊಸ ಗಿಡಗಳ ಮೊಳಕೆಗಳು ಅಡಗಿರುತ್ತವೆ.

ಬೇಸಗೆಯನ್ನು ಗೆಲ್ಲುವ ಇದರ ಉಪಾಯ ವಿಸ್ಮಯಕರವಾದುದು. ಬಹುತೇಕ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ. ಅದೇ ರಂಧ್ರಗಳಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಕಾಡುಬಸಳೆಯಾದರೋ ಬಿಸಿಲಿನಲ್ಲಿ ಬಾಗಿಲು ಮುಚ್ಚಿ, ಇರುಳಿನ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಪಡೆದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಆಹಾರ ತಯಾರಿಸಲು ಬಳಸಿಕೊಳ್ಳುತ್ತದೆ. ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆಯನ್ನು ಕೆಲಕಾಲ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಈ ಎಲೆ ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ರುಚಿಹೀನವಾಗಿಯೂ ಸಂಜೆ ತುಸು ಕಹಿಯಾಗಿಯೂ ಇರುವುದನ್ನು ಗುರುತಿಸಿದನು. ಅವನ ಬರಹ 1815ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ಆ ಹುಳಿಯ ಕಾರಣ ಪೂರ್ಣವಾಗಿ ತಿಳಿದುಬಂದುದು ಇಪ್ಪತ್ತನೆಯ ಶತಮಾನದಲ್ಲಿ.

ಈ ಗಿಡವನ್ನು ಬೆಳೆಸಲು ಬೀಜ ಬೇಕಿಲ್ಲ. ಬಲಿತ ಎಲೆಯೊಂದನ್ನು ತೇವವಿರುವ ಮಣ್ಣಿನ ಮೇಲೆ ಇಟ್ಟರೆ ಕೆಲವು ವಾರಗಳಲ್ಲಿ ಅಂಚಿನಿಂದ ಬೇರೂ ಚಿಗುರೂ ಮೂಡುತ್ತವೆ. ಕುಂಡಕ್ಕೆ ಕೆಮ್ಮಣ್ಣು, ದಪ್ಪ ಮರಳು ಮತ್ತು ಸ್ವಲ್ಪ ಕಳಿತ ಗೊಬ್ಬರ ಸಾಕು. ಕಡಲತೀರದ ಮರಳಿನಲ್ಲಿ ಉಪ್ಪಿರುವುದರಿಂದ ಅದು ತಕ್ಕುದಲ್ಲ. ಕುಂಡದ ತಳದಲ್ಲಿ ತೂತಿರಲೇಬೇಕು.

ಬರವನ್ನು ತಾಳುವ ಈ ಗಿಡಕ್ಕೆ ಕರಾವಳಿಯಲ್ಲಿ ದೊಡ್ಡ ಶತ್ರು ಬರವಲ್ಲ, ನೀರು. ಮಳೆಗಾಲದಲ್ಲಿ ಮಣ್ಣು ವಾರಗಟ್ಟಲೆ ನೆನೆದಿದ್ದರೆ ಬೇರಿಗೆ ಗಾಳಿ ಸಿಗದು. ಬೇರು ಕೊಳೆಯುತ್ತದೆ, ಕಾಂಡದ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಆದುದರಿಂದ ಆ ದಿನಗಳಲ್ಲಿ ಕುಂಡವನ್ನು ಬೆಳಕು ಬೀಳುವ ಜಗಲಿಯಲ್ಲಿ, ಸೂರಿನ ನೀರು ತಾಗದಂತೆ ಇಡಬೇಕು. ನೆಲದಲ್ಲಿ ನೆಡುವುದಾದರೆ ನೀರು ಇಳಿದುಹೋಗುವ ದಿಬ್ಬವನ್ನು ಆರಿಸಬೇಕು. ಬೇಸಗೆಯಲ್ಲಿ ಬೆರಳು ಊರಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರೆರೆಯಬೇಕು. ದಿನವೂ ಬಸಳೆ ಚಪ್ಪರಕ್ಕೆ ನೀರು ಹೊಯ್ಯುವ ಕೈ ಪಕ್ಕದ ಕುಂಡಕ್ಕೂ ಒಂದು ಚೊಂಬು ಸುರಿಯುವುದುಂಟು. ಆ ಪ್ರೀತಿಯೇ ಕಾಡುಬಸಳೆಯನ್ನು ಕೊಲ್ಲುತ್ತದೆ. ಬಾಯಾರಿದ ಗಿಡದ ಎಲೆ ಸುಕ್ಕುಗಟ್ಟುತ್ತದೆ; ನೀರು ಕಂಡೊಡನೆ ಚೇತರಿಸಿಕೊಳ್ಳುತ್ತದೆ. ಕೊಳೆತ ಬೇರು ಮಾತ್ರ ಮತ್ತೆ ಜೀವ ತಳೆಯದು. ಆಗಲೂ ಒಂದು ಭರವಸೆಯಿದೆ. ಬುಡ ಹೋದ ಗಿಡದಿಂದ ಕೊಳೆ ತಾಗದ ಒಂದೇ ಒಂದು ಎಲೆಯನ್ನು ಬಿಡಿಸಿಟ್ಟರೂ ವಂಶ ಮುಂದುವರಿಯುತ್ತದೆ.

ಈ ಗಿಡವನ್ನು ಮನೆಮದ್ದಿಗೆ ಬಳಸುವ ರೂಢಿಯುಂಟು. ಆದರೆ ಹೃದಯಕ್ಕೆ ಹಾನಿಮಾಡುವ ವಸ್ತುಗಳೂ ಇದರಲ್ಲಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ದನಕರುಗಳಿಗೆ ಎಟುಕದಂತೆಯೂ ನೋಡಿಕೊಳ್ಳಬೇಕು. ಕತ್ತರಿಸಿದ ಎಲೆಗಳನ್ನು ಗುಡ್ಡದ ಬದಿಗೆ ಎಸೆದರೆ ಅಲ್ಲಿಯೇ ಬೇರೂರಿ ಸ್ಥಳೀಯ ಸಸ್ಯಗಳ ಜಾಗವನ್ನು ಆಕ್ರಮಿಸಬಹುದು.

ಅತಿಯಾದರೆ ಅಮೃತವೂ ವಿಷವೆಂಬ ಮಾತಿಗೆ ಕಾಡುಬಸಳೆ ಜೀವಂತ ನಿದರ್ಶನ. ಸಾಕುವವನು ತನಗೆ ತೋಚಿದುದನ್ನೆಲ್ಲ ಕೊಡುವುದು ಆರೈಕೆಯಲ್ಲ. ಸಾಕಿದ ಜೀವದ ಸ್ವಭಾವವನ್ನರಿತು, ಅದಕ್ಕೆ ಬೇಕಾದುದನ್ನು ಬೇಕಾದಾಗ ಕೊಡುವುದೂ ಬೇಡವಾದಾಗ ಕೈ ತಡೆಯುವುದೂ ಆರೈಕೆ.