ಕೂದಲಿನ ಗೂಡು



ನಿನ್ನ ಕಾಗದ ತಲುಪಿತು. ನಾಲ್ಕು ಪುಟಗಳಷ್ಟು ಊರ ಸಮಾಚಾರವನ್ನು ಬರೆದಾದ ಮೇಲೆ, ಬೆನ್ನುಮೂಳೆಯ ತುದಿಯಲ್ಲಿ, ಪೃಷ್ಠದ ಸೀಳು ತೊಡಗುವೆಡೆಯಲ್ಲಿ ಎದ್ದಿರುವ ಕುರುವಿನ ಸಂಗತಿಯನ್ನು ಕಾಗದದ ಅಂಚಿನಲ್ಲಿ ಸಾಸಿವೆಯಂಥ ಅಕ್ಷರಗಳಲ್ಲಿ ತುರುಕಿರುವೆ. ಆ ಅಕ್ಷರಗಳನ್ನು ಕಂಡೇ ನಿನ್ನ ಸಂಕೋಚವೆಷ್ಟೆಂಬುದನ್ನು ಅಳೆದೆನು.

ಅಜ್ಜಿ ಅದನ್ನು ಉಷ್ಣದ ಕುರುವೆಂದು ಬಗೆದು ಮಜ್ಜಿಗೆ ಕುಡಿಸುತ್ತಿರುವರಂತೆ. ಕುಡಿ, ಹಾನಿಯಿಲ್ಲ, ಆದರೆ ಇಲ್ಲಿ ಅಪರಾಧಿ ಉಷ್ಣವಲ್ಲ, ಕೂದಲು. ಬಹುಕಾಲ ಕುಳಿತಿರುವ ತರುಣನ ಬೆವರು, ಭಾರ, ಘರ್ಷಣೆಗಳ ನಡುವೆ ಸಿಕ್ಕಿದ ಬಿಡಿಗೂದಲು ಚರ್ಮವನ್ನು ಭೇದಿಸಿ ಒಳಹೊಕ್ಕು ನಾಳವೊಂದನ್ನು ಕೊರೆಯುತ್ತದೆ. ಅದಕ್ಕೆಂದೇ 1880ರಲ್ಲಿ ಅಮೆರಿಕದ ಹಾಡ್ಜಸ್ ಎಂಬ ವೈದ್ಯನು ಕೂದಲು, ಗೂಡು ಎಂಬರ್ಥದ ಎರಡು ಲ್ಯಾಟಿನ್ ಪದಗಳನ್ನು ಬೆಸೆದು ‘ಪೈಲೊನೈಡಲ್’ ಎಂದು ಹೆಸರಿಟ್ಟನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರನ್ನು ಇದು ಪೀಡಿಸಿದಾಗ ಜೀಪಿನ ಕುಲುಕಾಟವನ್ನು ದೂರಿ ‘ಜೀಪ್ ರೋಗ’ವೆಂದರು. ಕ್ಷೌರಿಕರಿಗೆ ಬೆರಳ ಸಂದಿಯಲ್ಲಿ, ಅದೂ ಗಿರಾಕಿಯ ಕೂದಲಿನಿಂದಲೇ, ಇಂಥದೇ ಗೂಡು ಕಟ್ಟುವುದುಂಟು. ಹೀಗಿರಲು ನಿನ್ನ ನಡತೆಗೂ ಇದಕ್ಕೂ ಏನು ಸಂಬಂಧ, ನಾಚುವುದೇತಕ್ಕೆ?

ಮನೆಯಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಅಗಲವಾದ ಟಬ್ಬಿನಲ್ಲಿ ಮೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ತುಂಬಿ, ದಿನಕ್ಕೆ ಎರಡು ಮೂರು ಬಾರಿ ಹತ್ತು ಹದಿನೈದು ನಿಮಿಷ ಕುಳಿತುಕೋ. ಎದ್ದ ಮೇಲೆ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸು. ಸಡಿಲವಾದ ಹತ್ತಿಯ ಉಡುಪಿರಲಿ. ಓದುವಾಗ ಆಗಾಗ ಎದ್ದು ನಡೆ. ಹಿಸುಕುವುದು, ಸೂಜಿ ಚುಚ್ಚುವುದು, ಸುಣ್ಣ-ಬೆಲ್ಲ ಮೆತ್ತುವುದು ಕೂಡದು.

ನಿನ್ನ ವಯಸ್ಸಿನಲ್ಲಿ ನಾನೂ ಇದನ್ನು ಬಚ್ಚಿಟ್ಟವನೇ. ಒಂದು ರಾತ್ರಿ ಜ್ವರವೇರಿ, ಕೂರಲೂ ಮಲಗಲೂ ಆಗದೆ ನರಳಿದಾಗಲೇ ತಂದೆಯವರಿಗೆ ತಿಳಿದದ್ದು. ಕೀವು ತುಂಬಿದ ಮೇಲೆ ಬರಿಯ ಮಾತ್ರೆಯಿಂದ ಗುಣವಾಗದು. ಶಸ್ತ್ರವೈದ್ಯನು ಕುಯ್ದು ಹೊರಬಿಡಬೇಕು. ಹಾಗೆ ಕುಯ್ದ ಗಾಯವನ್ನು ಬುಡದಿಂದ ಮಾಯಲೆಂದು ತೆರೆದೇ ಬಿಟ್ಟಿದ್ದರು. ತನ್ನ ಬೆನ್ನು ತನಗೆ ಕಾಣದಾದ್ದರಿಂದ ವಾರಗಟ್ಟಲೆ ಪಟ್ಟಿ ಬದಲಿಸಿದವರು, ಮನೆಯಲ್ಲಿ ನಾನು ಎದುರು ನಿಂತು ಮಾತನಾಡಲೂ ಅಂಜುತ್ತಿದ್ದ ಅದೇ ತಂದೆಯವರು. ಮಾಯ್ದ ಮೇಲೂ ಸುತ್ತಲಿನ ಕೂದಲನ್ನು ತೆಗೆಯಿಸುತ್ತಿರಬೇಕೆಂದು ವೈದ್ಯರು ಹೇಳಿದ್ದರು. ನಾನು ಸೋಮಾರಿಯಾದೆನು, ಕುರು ಮರುವರ್ಷವೇ ಮರಳಿತು.

ಕೆಂಪು ಹರಡಿದರೆ, ನೋವು ಬಲಿತರೆ, ಕೀವು ಸುರಿದರೆ, ಜ್ವರ ಬಂದರೆ ಟಬ್ಬನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗು. ಅಲ್ಲಿಯವರೆಗೂ ಕಾಯದೆ ಈ ಸಂಜೆಯೇ ನಿನ್ನ ಅಣ್ಣನಿಗೆ ತೋರಿಸು. ಮುಂದಿನ ಕಾಗದದಲ್ಲಿ ಈ ವಿಷಯವನ್ನು ಮೊದಲ ಪುಟದಲ್ಲಿಯೇ, ನನ್ನ ಮುದಿಗಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆ.