ಮುರಿದು ತಂದದ್ದನ್ನು ಹಿಂದಕ್ಕೆ ಕಳಿಸಬೇಡ

ಮಗಳೇ, ಮೊನ್ನೆ ನೀನು ಊಟಕ್ಕೂ ಕೂರದೆ ಕೈಚೀಲ ಮೂಲೆಗೆಸೆದು ಒಳಗೆ ಹೋದದ್ದನ್ನು ನೋಡಿದೆ. ಸಿಗಂದೂರಿನ ದಾರಿಯ ಅಂಗಡಿಯೊಂದರಲ್ಲಿ ನಿನ್ನ ಜುಮುಕಿಯಂಥದೇ ಜುಮುಕಿಯನ್ನು ನೂರೈವತ್ತು ರೂಪಾಯಿಗೆ ತೂಗುಹಾಕಿದ್ದರಂತೆ. ನಿನ್ನ ಬೆಳ್ಳಿ ಜುಮುಕಿಗೆ ಮೂರು ದಿನ ಹಿಡಿದಿತ್ತು. ಅದನ್ನು ಕೈಗೆತ್ತಿಕೊಂಡ ಗಿರಾಕಿ ಬೆಲೆ ಕೇಳಿ ಸದ್ದಿಲ್ಲದೆ ಕೆಳಗಿಟ್ಟಳು. ಹಾಗೆ ಕೆಳಗಿಟ್ಟದ್ದನ್ನು ನಾನೂ ಬಹಳ ಸಲ ನೋಡಿದ್ದೇನೆ.

ನಮ್ಮ ಬ್ಯಾಕೋಡಿನ ವಿಷಯ ಮೊದಲು ಹೇಳುತ್ತೇನೆ. ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿದ್ದ ಕಾಲದಲ್ಲಿ ಮದುವೆಯ ಒಡವೆಗೆ ಜನ ನಮ್ಮ ಕುಲುಮೆಗೇ ಬರುತ್ತಿದ್ದರು. ನನ್ನ ಕೈಗುಣ ಮೆಚ್ಚಿ ಬರುತ್ತಾರೆಂದು ನಾನು ತಿಳಿದಿದ್ದೆ. ಅರ್ಧ ನಿಜ. ಉಳಿದರ್ಧ, ನಡುವೆ ಶರಾವತಿ ಹಿನ್ನೀರು ಇತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2.44 ಕಿಲೋಮೀಟರ್ ಈಗ ಕೆಲವೇ ನಿಮಿಷ. ನೋವು ತಿನ್ನುವ ಬಸುರಿಯನ್ನು ದಡದಲ್ಲಿ ಕೂರಿಸಿ ಲಾಂಚಿಗೆ ಕಾದವರು ನಾವು. ಆ ಸೇತುವೆಯ ಬಗ್ಗೆ ನನ್ನ ಬಾಯಲ್ಲಿ ಕೆಟ್ಟ ಮಾತು ಬರದು. ಆದರೆ ನೀರು ತಡೆದು ಕೊಟ್ಟಿದ್ದ ಗಿರಾಕಿ ಇನ್ನು ಇಲ್ಲ. ಇದನ್ನು ಒಪ್ಪಿಕೊಂಡೇ ನೀನು ಶುರುಮಾಡಬೇಕು.

ಅಗ್ಗದ ಒಡವೆ ಹೇಗಾಗುತ್ತದೆಂದು ತಿಳಿದಿರಲಿ. ರಬ್ಬರ್ ಅಚ್ಚಿಗೆ ಮೇಣ ತುಂಬಿ ತೆಗೆದ ಹತ್ತಾರು ಬಿಲ್ಲೆಗಳನ್ನು ಒಂದೇ ಕಾಂಡಕ್ಕೆ ಕೊಂಬೆಗಳ ಹಾಗೆ ಅಂಟಿಸುತ್ತಾರೆ, ಸುತ್ತ ಗಾರೆ ಹೊಯ್ದು ಮೇಣ ಕರಗಿಸಿ ಆ ಪೊಳ್ಳಿಗೆ ಲೋಹ ಎರೆಯುತ್ತಾರೆ. ಒಂದು ಎರಕಕ್ಕೆ ಹತ್ತಾರು ಜುಮುಕಿ. ನೀನು ಎಷ್ಟು ಬೇಗ ಕೈಯಾಡಿಸಿದರೂ ಆ ಲೆಕ್ಕಕ್ಕೆ ಮುಟ್ಟಲಾರೆ, ಮುಟ್ಟಲು ಹೋಗಲೂ ಬೇಡ. ನಾನು ಒಮ್ಮೆ ಹೋದೆ. ಪೇಟೆಯ ಬೆಲೆಗೆ ಸರಿಗಟ್ಟಲು ತಗಡನ್ನು ಹಾಳೆಯಷ್ಟು ತೆಳ್ಳಗೆ ತಟ್ಟಿ ಬೆಂಡೋಲೆ ಮಾಡಿದೆ. ಒಂದೇ ಮಳೆಗಾಲದಲ್ಲಿ ನಗ್ಗಿ ವಾಪಸು ಬಂದವು. ತಂದವಳು ಬೈಯಲಿಲ್ಲ, ಮತ್ತೆ ಬರಲೂ ಇಲ್ಲ.

ನನ್ನ ಅಪ್ಪನ ಕಷ್ಟ ನಮ್ಮದಕ್ಕಿಂತ ದೊಡ್ಡದು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ಆಜ್ಞೆ ಬಂತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. 14 ಕ್ಯಾರೆಟ್‌ಗಿಂತ ಮೇಲಿನ ಹೊಸ ಒಡವೆ ಮಾಡುವ ಹಾಗಿಲ್ಲ ಎಂದಾಯಿತು. ದೇಶದ ತುಂಬ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಮರುವರ್ಷ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಮ್ಮ ಹಳೆಯ ಮನೆಯ ಜಾಗ ನೀರಿನಡಿ ಹೋಯಿತು. ಬೆಳ್ಳಿಗೆ ಚಿನ್ನದ ಆ ತಡೆ ಇರಲಿಲ್ಲ. ಅಪ್ಪ ಕಾಲುಂಗುರ ಬಡಿದರು, ಕರಿಮಣಿ ಪೋಣಿಸಿದರು, ತುಂಡಾದ ಗೆಜ್ಜೆಗೆ ಬೆಸುಗೆ ಹಾಕಿದರು. ನಾಲ್ಕಾಣೆ, ಎಂಟಾಣೆ, ಕೆಲವು ಸಲ ಒಂದು ಸೇರು ಅಕ್ಕಿ. ಹಾಗೆ ಬಂದವರ ಮಕ್ಕಳೇ ಮುಂದೆ ನನ್ನ ಹತ್ತಿರ ತಾಳಿ ಮಾಡಿಸಲು ಬಂದರು.

ಅದಕ್ಕೇ ಹೇಳುತ್ತೇನೆ, ರಿಪೇರಿಯನ್ನು ಕೀಳು ಕೆಲಸ ಎಂದುಕೊಳ್ಳಬೇಡ. ಆ ನೂರೈವತ್ತರ ಜುಮುಕಿಯ ಕೊಂಡಿ ಮುರಿದಾಗ ಮಾರಿದವನು ಅದನ್ನು ಮುಟ್ಟುವುದಿಲ್ಲ. ಕೊಂಡವಳು ನಿನ್ನ ಹತ್ತಿರ ತಂದರೆ ಮುಖ ಸಿಂಡರಿಸದೆ ತೆಗೆದುಕೊ. ನಮ್ಮಲ್ಲಿ ಎಳೆದ ತಂತಿ ಮಣಿಯುತ್ತದೆ, ಎರಕದ್ದು ಪಟ್ಟನೆ ಮುರಿಯುತ್ತದೆ. ಎರಡನ್ನೂ ಅವಳ ಕೈಗೇ ಕೊಟ್ಟು ಬಾಗಿಸಿ ನೋಡಲು ಹೇಳು. ಅವಳ ಕಿವಿಯ ತೂತು ಜೋತಿದೆಯೇ, ಹಿತ್ತಾಳೆಗೆ ಚರ್ಮ ಕೆಂಪಾಗುತ್ತದೆಯೇ ಎಂದು ನೋಡಿ ಕೊಂಡಿಯ ಅಳತೆ ಮಾಡು. ಆ ಅಳತೆಯನ್ನು ಪುಸ್ತಕದಲ್ಲಿ ಬರೆದಿಡು.

ಕೂಲಿಯನ್ನು ಬಚ್ಚಿಡಬೇಡ. ನಮ್ಮವರು ತಲೆತಲಾಂತರ ಅದನ್ನು ವೇಸ್ಟೇಜಿನೊಳಗೆ ಸೇರಿಸಿ ಹೇಳಿ, ಅಕ್ಕಸಾಲಿಗ ಚಿನ್ನ ಕದಿಯುತ್ತಾನೆಂಬ ಮಾತು ಹೊತ್ತುಕೊಂಡರು. ಲೋಹ ಇಷ್ಟು, ಮೂರು ದಿನದ ಕೆಲಸಕ್ಕೆ ಇಷ್ಟು ಎಂದು ಚೀಟಿಯಲ್ಲಿ ಬೇರೆಬೇರೆ ಬರೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಎರಡು ಗ್ರಾಂ ಒಳಗಿನ ಮೂಗುತಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಅದಕ್ಕೆ ನಿನ್ನ ಮಾತೇ ಮುದ್ರೆ. ಅದಕ್ಕಿಂತ ಭಾರದ ಚಿನ್ನಕ್ಕೆ ಬೇಸರಿಸದೆ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಯ ಗುರುತು ಹಾಕಿಸಿಕೊಂಡು ಬಾ. 916 ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ ಎಂದು ಗಿರಾಕಿಗೆ ಬಿಡಿಸಿ ಹೇಳು. ಇನ್ನೊಂದು ಮಾತು ಬೇಡಿಕೊಂಡು ಹೇಳುತ್ತೇನೆ: ಕೆಡಿಎಂ ಬೆಸುಗೆ ಹತ್ತಿರ ಬಿಟ್ಟುಕೊಳ್ಳಬೇಡ. ಕ್ಯಾಡ್ಮಿಯಂ ಹೊಗೆ ಎದೆಯನ್ನು ತಿನ್ನುತ್ತದೆ. ನನ್ನ ಕೆಮ್ಮು ನೀನು ದಿನಾ ಕೇಳುತ್ತೀಯ.

ಕಪಾಟಿನ ಕೆಳಗಿನ ಖಾನೆಯಲ್ಲಿ ಅಪ್ಪನ ತಂತಿ ಎಳೆಯುವ ಕಂಬಚ್ಚು ಇದೆ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕೊನೆಯ ಎರಡು ತೂತು ಸವೆದಿವೆ. ಮೂಗುತಿಯ ತಂತಿಯನ್ನು ಮೂರನೆಯದರಲ್ಲಿ ಎಳೆ.