ಆಯಾಳ ಸಂಬಳವೂ ಮಗುವಿನ ಖರ್ಚೇ

ಟ್ರಸ್ಟಿನವರು ನಿನ್ನನ್ನು ನಮ್ಮ ಅಂಗವಿಕಲ ಮಕ್ಕಳ ಕೇಂದ್ರದ ಸಂಯೋಜಕಿ ಮಾಡಿದರೆಂದು ಕೇಳಿ ಸಂತೋಷವಾಯಿತು ಮಗಳೇ. ಮಕ್ಕಳ ವಿಚಾರದಲ್ಲಿ ನಿನಗೆ ನಾನು ಹೇಳಿಕೊಡುವಂಥದ್ದು ಏನೂ ಉಳಿದಿಲ್ಲ. ಆದರೆ ಇನ್ನು ಮೇಲೆ ನಿನ್ನ ಕೆಲಸ ಮಕ್ಕಳನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು. ಈ ಕುರ್ಚಿಗೆ ಬಂದ ಎಷ್ಟೋ ಒಳ್ಳೆಯ ಟೀಚರುಗಳು ಆಮೇಲೂ ಟೀಚರುಗಳಾಗಿಯೇ ಇದ್ದುಬಿಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಮಕ್ಕಳ ಹಿಂದೆಯೇ ಓಡಾಟ. ಸಿಬ್ಬಂದಿಯ ಕಡೆ ತಿರುಗಿ ನೋಡುವ ಹೊತ್ತಿಗೆ ಮೇಜಿನ ಮೇಲೆ ರಾಜೀನಾಮೆ ಪತ್ರ ಬಂದು ಕೂತಿರುತ್ತದೆ.

ಮೊದಲನೇ ಸಭೆಯಲ್ಲೇ ಯಾರಾದರೊಬ್ಬ ಟ್ರಸ್ಟಿ ಕೇಳುತ್ತಾರೆ, ಬರೆದಿಟ್ಟುಕೋ: “ಮಕ್ಕಳಿಗೆ ಅಂತ ಬಂದ ದುಡ್ಡು, ಅದರಲ್ಲಿ ಬಹುಪಾಲು ಸಂಬಳಕ್ಕೇ ಹೋಗ್ತಿದೆಯಲ್ಲಮ್ಮ?” ಆಗ ತಲೆ ತಗ್ಗಿಸಬೇಡ. ನಮ್ಮಂಥ ಕೇಂದ್ರದಲ್ಲಿ ಮಗುವಿಗೆ ಸಿಗುವುದೆಲ್ಲ ಯಾರದಾದರೂ ಕೈಯಿಂದಲೇ ಸಿಗಬೇಕು. ಆ ಕೈಗೆ ಹಾಕಿದ ದುಡ್ಡು ಮಗುವಿಗೆ ಹಾಕಿದ ದುಡ್ಡೇ. ಇದನ್ನು ತತ್ವದ ಮಾತಾಗಿ ಹೇಳಿದರೆ ಅವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಅದಕ್ಕೇ ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರನ್ನು ಕರೆ.

ಸೆರೆಬ್ರಲ್ ಪಾಲ್ಸಿ ಇರುವ ಹುಡುಗನಿಗೆ ಆಯಾ ಅನ್ನ ತಿನ್ನಿಸುವುದನ್ನು ಪಕ್ಕದಲ್ಲೇ ಕೂತು ನೋಡಲಿ. ಬೆನ್ನು ನೆಟ್ಟಗಿರುವಂತೆ ಕುರ್ಚಿಯಲ್ಲಿ ಕೂರಿಸಿ, ಪಕ್ಕೆಗೆ ಟವಲು ಸುತ್ತಿ ಒತ್ತು ಕೊಡುತ್ತಾಳೆ. ಗದ್ದ ಮೇಲೆದ್ದರೆ ನುಂಗುವುದು ಕಷ್ಟ, ಹಾಗಾಗಿ ಅವನಿಗಿಂತ ತಗ್ಗಿನ ಸ್ಟೂಲಿನ ಮೇಲೆ ತಾನು ಕೂರುತ್ತಾಳೆ. ನುಣ್ಣಗೆ ಕಿವುಚಿದ ಅನ್ನ ಸಾರು, ಅರ್ಧ ಚಮಚ. ಗಂಟಲು ಮೇಲೆ ಕೆಳಗೆ ಆದದ್ದನ್ನು ಕಂಡ ಮೇಲೇ ಇನ್ನರ್ಧ ಚಮಚ. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ; ಇವತ್ತು ಕೆಮ್ಮು, ನಾಲ್ಕು ದಿನಕ್ಕೆ ನ್ಯುಮೋನಿಯಾ. ಒಬ್ಬನ ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹುಡುಗನಿಗೆ ಮಾತಿಲ್ಲ. ಕಣ್ಣು ಎಡಕ್ಕೆ ಹೊರಳಿಸಿದರೆ ನೀರು ಬೇಕು, ತುಟಿ ಬಿಗಿದರೆ ಊಟ ಸಾಕು, ಕಾಲು ಸೆಟೆಸಿದರೆ ಒಂದಕ್ಕೆ ಹೋಗಬೇಕು. ಇದು ಯಾವ ಫೈಲಿನಲ್ಲೂ ಇಲ್ಲ, ಆಯಾಗೆ ಗೊತ್ತು ಅಷ್ಟೆ. ಎರಡು ಸಾವಿರ ಹೆಚ್ಚಿಗೆ ಸಿಗುತ್ತದೆಂದು ಅವಳು ಗಾರ್ಮೆಂಟ್ಸಿಗೆ ಹೊರಟರೆ ಅವನ ಮಾತೂ ಅವಳ ಹಿಂದೆ ಹೋಯಿತು. ಹೊಸಬಳು ಅದನ್ನು ಕಲಿಯುವಷ್ಟರಲ್ಲಿ ಹುಡುಗ ಸೊರಗಿ ಹೋಗಿರುತ್ತಾನೆ.

ಈಗಿನಿಂದಲೇ ಒಂದೊಂದು ಮಗುವಿಗೆ ಒಂದೊಂದು ಹಾಳೆ ಮಾಡಿಸು. ಆಯಾ ಹೇಳಲಿ, ಬರೆಯಲು ಬರುವವರು ಅವಳ ಮಾತಿನಲ್ಲೇ ಬರೆದುಕೊಳ್ಳಲಿ. ಆ ಹಾಳೆ ಅವಳ ಜಾಗ ತುಂಬುವುದಿಲ್ಲ. ಆದರೆ ತನಗೆ ಗೊತ್ತಿರುವುದು ವಿದ್ಯೆ ಎಂದು ಅವಳಿಗೆ ಮೊದಲ ಸಲ ಅನ್ನಿಸುವುದು ಆಗಲೇ.

ನಮ್ಮ ಮದ್ದೂರು, ರಾಮನಗರದ ಕಡೆ ಗಾರ್ಮೆಂಟ್ಸ್ ಬಸ್ಸು ಊರಬಾಗಿಲಿಗೇ ಬರುತ್ತದೆ. ಪಿಎಫ್, ಇಎಸ್‌ಐ ಇರುತ್ತದೆ. ನಮ್ಮವರು ಮಾತ್ರ “ದೇವರ ಮಕ್ಕಳ ಸೇವೆ, ಪುಣ್ಯ ಬರುತ್ತೆ” ಅನ್ನುತ್ತಾರೆ. ಪುಣ್ಯ ತೋರಿಸಿದರೆ ಮನೆ ಓನರು ಒಂದು ತಿಂಗಳ ಬಾಡಿಗೆ ಬಿಡುತ್ತಾರೆಯೇ? “ನಮ್ಮದು ಟ್ರಸ್ಟು, ನಮಗೆ ಆ ಕಾನೂನೆಲ್ಲ ಇಲ್ಲ” ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡ, ಆಡಿಟರನ್ನು ಕೇಳು. ಹತ್ತು ಜನ ದುಡಿಯುವ ಕಡೆ ಇಎಸ್‌ಐ ಪ್ರಶ್ನೆ ಬರುತ್ತದೆ, ಇಪ್ಪತ್ತಾದರೆ ಪಿಎಫ್. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ನೌಕರರು ತಾವೇ ಅಂಗವಿಕಲರಾಗಿದ್ದರೆ 25,000. ಅಂದರೆ ನಮ್ಮ ಆಯಾಗಳು, ಡ್ರೈವರು, ಅಡುಗೆಯವರು ಎಲ್ಲ ಅದರೊಳಗೇ ಬರುತ್ತಾರೆ. ಬೆನ್ನು ಹಿಡಿದುಕೊಂಡ ಆಯಾಗೆ ಇಎಸ್‌ಐ ಆಸ್ಪತ್ರೆಯ ಚೀಟಿ ನೀನು ಕೊಡುವ ಯಾವ ಸನ್ಮಾನದ ಶಾಲಿಗಿಂತಲೂ ಹೆಚ್ಚು.

ಬೆನ್ನು ಅಂದಾಗ ನೆನಪಾಯಿತು. ಐದು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಅಭ್ಯಾಸವಾದವಳು ಅವನು ಹದಿನಾಲ್ಕಾದಾಗಲೂ ಹಾಗೇ ಎತ್ತಲು ಹೋಗುತ್ತಾಳೆ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಮಗುವನ್ನು ಮೈಗೆ ಒತ್ತಿಕೊಂಡು ಏಳಬೇಕು. ದೊಡ್ಡ ಹುಡುಗನಾದರೆ ಇಬ್ಬರು ಸೇರಿ, ಒಬ್ಬರು ಎಣಿಸಿ, ಒಟ್ಟಿಗೆ ಎತ್ತಬೇಕು. ಇದನ್ನು ಹೋಟೆಲಿನ ಹಾಲ್‌ನಲ್ಲಿ ಪರದೆಯ ಮೇಲೆ ತೋರಿಸಿದರೆ ಬರುವುದಿಲ್ಲ. ಟಾಯ್ಲೆಟ್ಟಿನ ಬಾಗಿಲಲ್ಲಿ, ಒದ್ದೆ ನೆಲದ ಮೇಲೆ ಫಿಸಿಯೋಥೆರಪಿಸ್ಟು ಅವಳ ಜೊತೆ ನಿಂತು ತೋರಿಸಬೇಕು. ಫಿಟ್ಸ್ ಬಂದಾಗಲೂ ಅಷ್ಟೆ. ಕೈಗೆ ಕಬ್ಬಿಣ ಕೊಡಬಾರದು, ಬಾಯಿಗೆ ಚಮಚ ತುರುಕಬಾರದು, ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಎಲ್ಲರೂ ಕೇಳಿರುತ್ತಾರೆ, ಆದರೂ ಗಾಬರಿಯಲ್ಲಿ ಕೈ ಬೀಗದ ಕೈಗೇ ಹೋಗುತ್ತದೆ. ವರ್ಷಕ್ಕೊಂದು ತರಬೇತಿಯ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ಡ್ಯೂಟಿಯೊಳಗೇ ಇರಲಿ. ಭಾನುವಾರ ಬಸ್ ಚಾರ್ಜು ತಾವೇ ಹಾಕಿಕೊಂಡು ಬಂದು ಕಲಿಯಿರಿ ಎನ್ನುವ ಸಂಸ್ಥೆಗಳಿವೆ, ಅಂಥದ್ದು ನಿನ್ನಲ್ಲಿ ಬೇಡ.

ಕಲಿತದ್ದು ಹಳತಾಗುವುದೂ ಈ ಕೆಲಸದಲ್ಲಿ ಬೇಗ. ನಾವು ಕೆಲಸ ಶುರುಮಾಡಿದ ಕಾಲಕ್ಕೆ ಅಂಗವಿಕಲತೆ ಅಂದರೆ ಮುಖ್ಯವಾಗಿ ಪೋಲಿಯೋ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡುವವರಿಗೆ, ಅದಕ್ಕೆ ಅಳತೆ ತೆಗೆಯುವವರಿಗೆ ಬಿಡುವೇ ಇರಲಿಲ್ಲ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಹೊಸ ಪ್ರಕರಣವಿಲ್ಲ. 2014ರಲ್ಲಿ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರವೂ ಬಂತು. ದೇಶಕ್ಕೆ ಹಬ್ಬ, ಕ್ಯಾಲಿಪರ್ ವರ್ಕ್‌ಶಾಪಿನ ಕೆಲಸಗಾರನಿಗೆ ಚಿಂತೆ. ಇತ್ತ ಕಾನೂನೂ ಬದಲಾಯಿತು: 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ, 2016ರ ಕಾಯ್ದೆಯಲ್ಲಿ 21. ಆಟಿಸಂ, ಕಲಿಕಾ ನ್ಯೂನತೆ, ಹೀಮೊಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಈಗ ನಮ್ಮ ಬಾಗಿಲಿಗೆ ಬರುತ್ತಾರೆ. ಹಳೆಯ ಕೆಲಸಗಾರರನ್ನು “ಇವರಿಗೆ ಹೊಸದು ಬರಲ್ಲ” ಎಂದು ಬದಿಗೆ ಸರಿಸುವುದು ಸುಲಭ. ಕ್ಯಾಲಿಪರ್ ಮಾಡಿದ ಕೈ ಸೆರೆಬ್ರಲ್ ಪಾಲ್ಸಿ ಮಗುವಿಗೆ ಕುರ್ಚಿ ಹೊಂದಿಸಲು ಯಾವ ಡಿಪ್ಲೊಮಾದವನಿಗಿಂತ ಬೇಗ ಕಲಿಯುತ್ತದೆ, ಕಲಿಸುವ ವ್ಯವಧಾನ ನಮಗಿದ್ದರೆ.

ಓದಿದವರಿಗೆ ದಾರಿ ಇದೆ. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ವಿಶೇಷ ಶಿಕ್ಷಕರ ನೋಂದಣಿ ಇದೆ, ಅದು ಊರ್ಜಿತವಾಗಿರಲು ಆಗಾಗ ಕಾರ್ಯಾಗಾರಗಳಿಗೆ ಹೋಗುತ್ತಿರಬೇಕು. ಅವರನ್ನು ಕಳಿಸು, ಅದನ್ನು ರಜೆ ಎಂದು ಎಣಿಸಬೇಡ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ; ದೂರವೇನಲ್ಲ. ದಾರಿ ಕಾಣದಿರುವುದು ಆಯಾಗೆ. ಹತ್ತು ವರ್ಷ ದುಡಿದರೂ ಆಯಾ ಆಯಾನೇ. 2021ರಲ್ಲಿ ಅದೇ ಮಂಡಳಿ ಸಮುದಾಯ ಮಟ್ಟದ ಕಾರ್ಯಕರ್ತರಿಗೆಂದು ಆರು ತಿಂಗಳ ಕೋರ್ಸು ಶುರುಮಾಡಿತು. ನಿನ್ನಲ್ಲಿ ಚುರುಕಾಗಿರುವ ಒಬ್ಬಳು ಇದ್ದೇ ಇರುತ್ತಾಳೆ. ಅವಳಿಗೆ ಯಾವ ಕೋರ್ಸು ಸಿಗುತ್ತದೆ, ಅದಕ್ಕೆ ಎಷ್ಟು ಓದಿರಬೇಕು ಎಂದು ನೀನೇ ವಿಚಾರಿಸು. ಎಸ್‌ಎಸ್‌ಎಲ್‌ಸಿ ಅರ್ಧಕ್ಕೆ ನಿಂತಿದ್ದರೆ ಮೊದಲು ಅದನ್ನು ಕಟ್ಟಿಸು. ಓದಿ ಮುಗಿಸಿ ಬೇರೆ ಕಡೆ ಹೋದರೂ ಹೋಗಲಿ.

ನಮ್ಮ ಆಯಾಗಳಲ್ಲಿ ಕೆಲವರು ಇಲ್ಲಿಯ ಮಕ್ಕಳ ಅಮ್ಮಂದಿರೇ. ಮಗುವನ್ನು ಬಿಡಲು ಬಂದವಳು, ದಿನವಿಡೀ ಕಾಂಪೌಂಡಿನಲ್ಲಿ ಕೂತು ಕಾದವಳು, ಆಮೇಲೆ ಕೆಲಸಕ್ಕೆ ಸೇರಿದಳು. ಅವಳನ್ನು ಅವಳ ಮಗುವಿನ ತರಗತಿಗೆ ಹಾಕಬೇಡ. ಎರಡು ಕೆಲಸ ಒಟ್ಟಿಗೆ ಮಾಡಲು ಅವಳಿಗೂ ಆಗದು, ಮಗುವಿಗೂ ಒಳ್ಳೆಯದಲ್ಲ. ಇನ್ನು ಅಂಗವಿಕಲ ಸಹೋದ್ಯೋಗಿಗಳು. 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆಯನ್ನು ಕಟ್ಟಿದ ಎನ್.ಎಸ್. ಹೇಮಾ ಅವರು ತಾವೇ ಗಾಲಿಕುರ್ಚಿಯಲ್ಲಿದ್ದವರು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಓಡಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಅಂಗವಿಕಲರೇ, ದುಡಿಯುವುದು ಗೌರವಧನಕ್ಕೆ. ಅಂಥವರನ್ನು ನೇಮಿಸಿಕೊಂಡು ವರದಿಯಲ್ಲಿ ಫೋಟೋ ಹಾಕುವ ಮೊದಲು ಸ್ಟಾಫ್ ರೂಮಿನ ಹೊಸ್ತಿಲಿಗೆ ಇಳಿಜಾರು ಇದೆಯೇ ನೋಡು. ಮಕ್ಕಳ ಕಡೆಗೆ ರ‍್ಯಾಂಪ್ ಇರುತ್ತದೆ, ಸಿಬ್ಬಂದಿಯ ಕಡೆಗೆ ಮೆಟ್ಟಿಲು.

ದಾನಿಗಳ ವಿಷಯ. 2013ರ ಕಂಪನಿ ಕಾಯ್ದೆಯಲ್ಲಿ ಲಾಭದ ಶೇ. 2 ಸಮಾಜ ಕಾರ್ಯಕ್ಕೆ ಎಂಬ ನಿಯಮ ಬಂದ ಮೇಲೆ ಕಂಪನಿಗಳಿಂದ ದುಡ್ಡು ಬರುತ್ತದೆ, ಜೊತೆಗೆ ಟೀ ಶರ್ಟು ಹಾಕಿದ ಹುಡುಗ ಹುಡುಗಿಯರೂ ಬರುತ್ತಾರೆ. ಒಳ್ಳೆಯವರೇ. ಕೇಕು ತರುತ್ತಾರೆ, ಬಲೂನು ಕಟ್ಟುತ್ತಾರೆ, ಅವರು ಹೋದ ಮೇಲೆ ಗುಡಿಸುವವರು ನಮ್ಮವರು. ಅದಿರಲಿ. ಸಂಭ್ರಮದಲ್ಲಿ ಯಾರೋ ಒಬ್ಬರು ದೊಡ್ಡ ತುಂಡು ಕೇಕನ್ನು ಆ ನುಂಗಲಾಗದ ಹುಡುಗನ ಬಾಯಿಗೆ ಇಡಲು ಹೋಗುತ್ತಾರೆ, ಕ್ಯಾಮೆರಾ ಎದುರಿಗೇ. ಆಗ “ಬೇಡ ಸರ್, ಕೊಡಬೇಡಿ” ಎನ್ನುವ ಧೈರ್ಯ ಆಯಾಗೆ ಇರಬೇಕು. ಅದು ತಾನಾಗಿ ಬರುವುದಿಲ್ಲ. ಮೊದಲೇ ಎಲ್ಲರ ಎದುರು ಹೇಳಿರು: ಮಗುವಿನ ವಿಚಾರದಲ್ಲಿ ಅವಳ ಮಾತು ನಡೆಯಬೇಕು, ಬಂದವರು ಯಾರೇ ಆಗಿರಲಿ. ಅವಳು ತಡೆದದ್ದಕ್ಕೆ ದಾನಿ ಮುನಿಸಿಕೊಂಡರೆ ಆ ಫೋನು ನಿನಗೆ ಬರಲಿ, ಅವಳಿಗೆ ಅಲ್ಲ.

ಎಂದಾದರೂ ಒಂದು ಮಗುವಿನ ತೋಳಿನಲ್ಲಿ ಚಿವುಟಿದ ಗುರುತು ಕಾಣುತ್ತದೆ. ಮುಚ್ಚಿಹಾಕಬೇಡ. ಮೊದಲು ಮಗು, ಆಮೇಲೆ ಅಪ್ಪ ಅಮ್ಮನಿಗೆ ತಿಳಿಸುವುದು, ಆಮೇಲೆ ವಿಚಾರಣೆ. ಲೈಂಗಿಕ ದೌರ್ಜನ್ಯದ ಅನುಮಾನವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಒಳಗೊಳಗೇ ಪಂಚಾಯಿತಿ ಮಾಡುವ ಹಕ್ಕು ನಿನಗೂ ಇಲ್ಲ, ಟ್ರಸ್ಟಿಗೂ ಇಲ್ಲ. ಚಿವುಟಿದವಳ ಮೇಲೆ ಕ್ರಮ ಆಗಲಿ. ಅದೇ ದಿನ ಹಾಜರಿ ಪುಸ್ತಕವನ್ನೂ ತೆಗೆದು ನೋಡು. ಇಬ್ಬರು ರಜೆ, ಒಬ್ಬಳ ಪಾಲಿಗೆ ಹನ್ನೊಂದು ಮಕ್ಕಳು ಎಂದಿದ್ದರೆ ಉತ್ತರ ಕೊಡಬೇಕಾದವರ ಸಾಲಿನಲ್ಲಿ ನೀನೂ ಇದ್ದೀಯ.

ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರು. ಆಫೀಸಿನಲ್ಲಿ ಬೇಡ, ಅಲ್ಲಿ ಅವರು ನಿಂತೇ ಮಾತಾಡುತ್ತಾರೆ. ಅಡುಗೆಮನೆ ಕಟ್ಟೆಯ ಮೇಲೆ ಕಾಫಿ ಹಿಡಿದು ಕೂರು. “ಎಲ್ಲ ಸರಿಯಿದೆಯಾ?” ಎಂದು ಕೇಳಿದರೆ “ಹೂಂ ಮೇಡಂ” ಎಂಬಲ್ಲಿಗೆ ಮುಗಿಯಿತು. “ಈ ವಾರ ಯಾವ ಮಗು ನಿನ್ನ ಸುಸ್ತು ಮಾಡ್ತು?” ಎಂದು ಕೇಳು, ಮಾತು ಬಿಚ್ಚಿಕೊಳ್ಳುತ್ತದೆ. ಯಾವ ಇನ್‌ಸ್ಪೆಕ್ಷನ್ ಇದ್ದರೂ ಆ ಅರ್ಧ ಗಂಟೆ ತಪ್ಪಿಸಬೇಡ. ಮಗುವೊಂದು ತೀರಿಹೋದಾಗಂತೂ ಆ ತರಗತಿಯವರನ್ನು ಮಣ್ಣಿಗೆ ಕಳಿಸು, ಕೇಂದ್ರದ ಗಾಡಿಯಲ್ಲೇ. ಏಳು ವರ್ಷ ಊಟ ಮಾಡಿಸಿದವಳಿಗೆ ಮರುದಿನ ಅದೇ ಕುರ್ಚಿಯಲ್ಲಿ ಹೊಸ ಮಗುವನ್ನು ಕೂರಿಸಿ ಕೊಡಬಾರದು.

ಮಾರ್ಚ್ ಹತ್ತಿರ ಬಂತು, ಬಜೆಟ್ ಬರೆಯಬೇಕು. ಅದರಲ್ಲಿ “ಬದಲಿ ಆಯಾ” ಎಂದು ಒಂದು ಸಾಲು ಬರೆ: ಒಬ್ಬರು ರಜೆ ಹಾಕಿದರೆ, ತರಬೇತಿಗೆ ಹೋದರೆ, ಬಾಣಂತನಕ್ಕೆ ಹೋದರೆ ಆ ಜಾಗಕ್ಕೆ ಬರುವವರ ದಿನಗೂಲಿ. ಅನುದಾನ ತಡವಾಗುವುದು ಗ್ಯಾರಂಟಿ, ಆದ್ದರಿಂದ ಮೂರು ತಿಂಗಳ ಸಂಬಳ ಠೇವಣಿಯಲ್ಲಿರಲಿ ಎಂದೂ ಬರೆ. ಖಜಾಂಚಿ ಮೊದಲು ಗೆರೆ ಹೊಡೆಯುವುದು ಆ ಎರಡು ಸಾಲುಗಳಿಗೇ. ಹೋದ ವರ್ಷ ಯಾವ್ಯಾವ ದಿನ ಆಯಾ ಇಲ್ಲದೆ ಯಾವ ತರಗತಿ ಮುಚ್ಚಿತು, ಯಾವ ಮಗು ವಾಪಸ್ ಮನೆಗೆ ಹೋಯಿತು ಎಂದು ಹಾಜರಿ ಪುಸ್ತಕದಿಂದ ಪಟ್ಟಿ ತೆಗೆದು ಜೊತೆಗೆ ಲಗತ್ತಿಸು. ಕಳಿಸುವ ಮುಂಚೆ ನನಗೊಮ್ಮೆ ತೋರಿಸು. ಸಭೆಗೆ ನಾನೂ ಬರುತ್ತೇನೆ.